ಅರ್ಧ ಬರೆದ ಆಜ್ಞೆ

ಕಂಪ್ಯೂಟರಿಗೆ ಕೆಲಸ ಹೇಳುವ ಬಗೆಗಳು ಮುಖ್ಯವಾಗಿ ಎರಡು. ತೆರೆಯ ಮೇಲೆ ಕಾಣುವ ಚಿತ್ರಗಳನ್ನು ಬೆರಳಿನಿಂದಲೋ ಮೌಸಿನಿಂದಲೋ ಒತ್ತಿ ಹೇಳುವುದು ಒಂದು ಬಗೆ. ಮಾಡಬೇಕಾದ ಕೆಲಸವನ್ನು ಅಕ್ಷರಗಳಲ್ಲಿ ಬರೆದು, ಆಜ್ಞೆಯ ರೂಪದಲ್ಲಿ ಕೊಡುವುದು ಇನ್ನೊಂದು ಬಗೆ. ಮೊದಲನೆಯದು ಕಲಿಯಲು ಸುಲಭ. ಎರಡನೆಯದು ಕಷ್ಟವೆಂದು ತೋರಿದರೂ ಅದರ ಶಕ್ತಿ ಹಿರಿದು. ನೂರು ಕಡತಗಳ ಹೆಸರನ್ನು ಬದಲಾಯಿಸಬೇಕಾದಾಗ, ಚಿತ್ರಗಳನ್ನು ಒತ್ತುವವನು ಎಷ್ಟೋ ಸಲ ಒತ್ತಬೇಕಾದೀತು. ಆಜ್ಞೆ ಬರೆಯಬಲ್ಲವನು ಒಂದೆರಡು ಸಾಲುಗಳಲ್ಲಿ ಆ ಕೆಲಸವನ್ನು ಮುಗಿಸಿಬಿಡುತ್ತಾನೆ. ಆದುದರಿಂದಲೇ ವಿಜ್ಞಾನಿಗಳು, ಪ್ರೋಗ್ರಾಂ ರಚಿಸುವವರು, ದೊಡ್ಡ ಕಂಪ್ಯೂಟರುಗಳ ಮೇಲ್ವಿಚಾರಕರು ಇಂದಿಗೂ ಆಜ್ಞೆಯ ಮಾರ್ಗವನ್ನು ಬಿಟ್ಟಿಲ್ಲ.

ಹೀಗೆ ಬರೆದ ಆಜ್ಞೆಯನ್ನು ಓದಿ, ಅದನ್ನು ಪದಗಳಾಗಿ ಬಿಡಿಸಿ, ನಡೆಸಿಕೊಡುವ ಪ್ರೋಗ್ರಾಮಿಗೆ 'ಶೆಲ್' ಎಂದು ಹೆಸರು. ಶೆಲ್ ಎಂದರೆ ಚಿಪ್ಪು. ಕಂಪ್ಯೂಟರಿನ ಒಳಾಡಳಿತವನ್ನೆಲ್ಲ ನೋಡಿಕೊಳ್ಳುವ ಭಾಗಕ್ಕೆ 'ಕರ್ನೆಲ್', ಅಂದರೆ ತಿರುಳು, ಎಂದು ಹೆಸರಿದೆ. ತೆಂಗಿನ ತಿರುಳನ್ನು ಕರಟವು ಸುತ್ತುವರಿದಿರುವಂತೆ ಶೆಲ್ ಈ ತಿರುಳನ್ನು ಸುತ್ತುವರಿದಿರುತ್ತದೆ. ನಾವು ಆಡುವ ಮಾತು ಮೊದಲು ಚಿಪ್ಪಿಗೆ ತಲುಪುತ್ತದೆ. ಅಲ್ಲಿಂದ ತಿರುಳಿಗೆ ಹೋಗುತ್ತದೆ.

ಶೆಲ್ ಬಹಳ ವಿಧೇಯವಾದ ಸೇವಕ. ಆದರೆ ಅಷ್ಟೇ ನಿಷ್ಠುರವಾದ ಸೇವಕ. ಮನುಷ್ಯರೊಡನೆ ಮಾತನಾಡುವಾಗ ಒಂದು ಅಕ್ಷರ ತಪ್ಪಿದರೂ ಕೇಳುವವರು ಅರ್ಥಮಾಡಿಕೊಳ್ಳುತ್ತಾರೆ. ಶೆಲ್ ಹಾಗಲ್ಲ. ಒಂದು ಅಕ್ಷರ ಹೆಚ್ಚಾದರೆ ಅಥವಾ ಕಡಿಮೆಯಾದರೆ, "ಇಂತಹ ಆಜ್ಞೆ ಇಲ್ಲ" ಎಂದು ಅದು ಹೇಳಿಬಿಡುತ್ತದೆ. ಇಷ್ಟೇ ಆದರೆ ನಷ್ಟವೇನೂ ಇಲ್ಲ. ಆದರೆ ತಪ್ಪಾಗಿ ಬರೆದ ಪದವು ಬೇರೆ ಯಾವುದೋ ಕಡತದ ಹೆಸರಾಗಿದ್ದರೆ, ಆ ಕಡತದ ಮೇಲೆಯೇ ಆಜ್ಞೆ ನಡೆದುಹೋಗುತ್ತದೆ. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆ ಶೆಲ್‌ನ ಮುಂದೆ ಕುಳಿತವರಿಗೆ ಚೆನ್ನಾಗಿ ಒಪ್ಪುತ್ತದೆ.

ಇನ್ನೊಂದು ತೊಡಕೂ ಇದೆ. ಆಜ್ಞೆಗಳ ಹೆಸರುಗಳು ಹೆಚ್ಚಾಗಿ ಇಂಗ್ಲಿಷ್ ಪದಗಳು. ಅಥವಾ ಇಂಗ್ಲಿಷ್ ಪದಗಳನ್ನು ಮೊಟಕುಗೊಳಿಸಿದ ರೂಪಗಳು. ಒಂದೊಂದು ಆಜ್ಞೆಗೂ ಹತ್ತಾರು ಉಪ ಆಜ್ಞೆಗಳು, ಹತ್ತಾರು ಆಯ್ಕೆಗಳು. ಇವುಗಳ ಕಾಗುಣಿತವನ್ನೆಲ್ಲ ನೆನಪಿನಲ್ಲಿಡುವುದು ಇಂಗ್ಲಿಷ್ ಮನೆಮಾತಾಗಿ ಉಳ್ಳವರಿಗೂ ಸುಲಭವಲ್ಲ. ಕನ್ನಡದಲ್ಲಿ ಓದಿ ಬೆಳೆದ ವಿದ್ಯಾರ್ಥಿಗೆ ಕೆಲಸದ ಸ್ವರೂಪ ಚೆನ್ನಾಗಿ ತಿಳಿದಿದ್ದರೂ, ಕಾಗುಣಿತ ನೆನಪಾಗದೆ ಕೈ ಅಲ್ಲಿಯೇ ನಿಂತುಬಿಡಬಹುದು. ತಿಳಿವಳಿಕೆಗೂ ಕೆಲಸಕ್ಕೂ ನಡುವೆ ಬರಿಯ ಅಕ್ಷರಗಳು ಅಡ್ಡವಾಗಬಾರದಲ್ಲವೆ? ಈ ತೊಡಕನ್ನು ನಿವಾರಿಸಲು ಕಂಡುಕೊಂಡ ಉಪಾಯವೇ 'ಪದಪೂರಣ'. ಆಜ್ಞೆಯನ್ನು ಅರ್ಧ ಬರೆದು ಕೀಲಿಮಣೆಯ ಎಡಭಾಗದಲ್ಲಿರುವ 'ಟ್ಯಾಬ್' ಎಂಬ ಕೀಲಿಯನ್ನು ಒತ್ತಿದರೆ, ಉಳಿದ ಅರ್ಧವನ್ನು ಶೆಲ್ ತಾನೇ ಬರೆದುಕೊಡುತ್ತದೆ.

ಈ ಉಪಾಯದ ಕಥೆ 1960ರ ದಶಕದ ಕೊನೆಯ ವರ್ಷಗಳಿಗೆ ಸೇರಿದ್ದು. ಆಗ ಕಂಪ್ಯೂಟರಿನೊಡನೆ ಮಾತನಾಡಲು ಟೆಲಿಟೈಪ್ ಎಂಬ ಯಂತ್ರವನ್ನು ಬಳಸುತ್ತಿದ್ದರು. ಅದು ಬೆರಳಚ್ಚು ಯಂತ್ರದಂತೆಯೇ ಕಾಗದದ ಮೇಲೆ ಅಕ್ಷರಗಳನ್ನು ಮುದ್ರಿಸುತ್ತಿತ್ತು. ಆ ಕಾಲದ ಪ್ರಸಿದ್ಧ 'ಟೆಲಿಟೈಪ್ 33' ಯಂತ್ರವು ಸೆಕೆಂಡಿಗೆ 10 ಅಕ್ಷರಗಳನ್ನು ಮಾತ್ರ ಮುದ್ರಿಸಬಲ್ಲುದಾಗಿತ್ತು. ಕೀಲಿಗಳನ್ನು ಬಲವಾಗಿ ಒತ್ತಬೇಕಾಗಿತ್ತು. ಕಾಗದದ ಮೇಲೆ ಬಿದ್ದ ಅಕ್ಷರವನ್ನು ಅಳಿಸುವಂತೆಯೂ ಇರಲಿಲ್ಲ. ಇಂತಹ ಯಂತ್ರದಲ್ಲಿ ಉದ್ದವಾದ ಆಜ್ಞೆಗಳನ್ನು ಬರೆಯುವುದು ನಿಜವಾಗಿಯೂ ಶ್ರಮದ ಕೆಲಸವಾಗಿತ್ತು.

ಈ ಶ್ರಮವನ್ನು ಕಡಿಮೆ ಮಾಡಲು ಅಮೆರಿಕೆಯಲ್ಲಿ ಎರಡು ಕಡೆ ಎರಡು ಬಗೆಯ ಪರಿಹಾರಗಳು ಹುಟ್ಟಿಕೊಂಡವು. ಬೆಲ್ ಪ್ರಯೋಗಶಾಲೆಯಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು 'ಯುನಿಕ್ಸ್' ಎಂಬ ವ್ಯವಸ್ಥೆಯನ್ನು ಕಟ್ಟಲು ತೊಡಗಿದರು. ಅಲ್ಲಿ ಆಜ್ಞೆಗಳ ಹೆಸರುಗಳನ್ನೇ ಕತ್ತರಿಸಿ ಚಿಕ್ಕದಾಗಿಸಿದರು. ಪಟ್ಟಿ ಮಾಡು ಎಂಬುದಕ್ಕೆ 'ಎಲ್‌ಎಸ್', ನಕಲು ಮಾಡು ಎಂಬುದಕ್ಕೆ 'ಸಿಪಿ', ಸ್ಥಳ ಬದಲಿಸು ಎಂಬುದಕ್ಕೆ 'ಎಂವಿ', ಅಳಿಸು ಎಂಬುದಕ್ಕೆ 'ಆರ್‌ಎಂ'. ಹೀಗೆ ಎರಡೆರಡು ಅಕ್ಷರಗಳಲ್ಲಿ ಕೆಲಸ ಮುಗಿಯುತ್ತಿತ್ತು. ಬೆರಳಿಗೆ ಇದು ಸುಖ; ಆದರೆ ಹೊಸಬರಿಗೆ ಈ ಹೆಸರುಗಳು ಒಗಟಿನಂತೆ ತೋರುತ್ತಿದ್ದವು.

ಮಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿದ್ದ 'ಬೋಲ್ಟ್, ಬೆರಾನೆಕ್ ಅಂಡ್ ನ್ಯೂಮನ್' ಎಂಬ ಸಂಸ್ಥೆಯವರು ಬೇರೆ ದಾರಿಯನ್ನು ಹಿಡಿದರು. ಅವರು 'ಪಿಡಿಪಿ-10' ಎಂಬ ಕಂಪ್ಯೂಟರಿಗಾಗಿ 'ಟೆನೆಕ್ಸ್' ಎಂಬ ವ್ಯವಸ್ಥೆಯನ್ನು ರೂಪಿಸಿದರು. ಡೇನಿಯಲ್ ಬಾಬ್ರೋ, ಜೆರಿ ಬರ್ಚ್‌ಫೀಲ್, ಡೇನಿಯಲ್ ಮರ್ಫಿ, ರೇಮಂಡ್ ಟಾಮ್ಲಿನ್‌ಸನ್ ಎಂಬ ನಾಲ್ವರು 1972ರಲ್ಲಿ ಅದನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಟೆನೆಕ್ಸ್‌ನಲ್ಲಿ ಆಜ್ಞೆಗಳ ಹೆಸರುಗಳು ಓದಿದರೆ ಅರ್ಥವಾಗುವಂತೆ ಪೂರ್ಣ ಪದಗಳಾಗಿದ್ದವು. ಆದರೆ ಬಳಸುವವರು ಅವನ್ನು ಪೂರ್ಣವಾಗಿ ಬರೆಯಬೇಕಾಗಿರಲಿಲ್ಲ. ಮೊದಲ ಕೆಲವು ಅಕ್ಷರಗಳನ್ನು ಬರೆದು 'ಎಸ್ಕೇಪ್' ಕೀಲಿಯನ್ನು ಒತ್ತಿದರೆ ಸಾಕು. ಯಂತ್ರವು ಪದವನ್ನು ಪೂರ್ಣಗೊಳಿಸುತ್ತಿತ್ತು. ಅಷ್ಟೇ ಅಲ್ಲ, ಮುಂದೆ ಏನನ್ನು ಬರೆಯಬೇಕೆಂಬುದನ್ನು ಸೂಚಿಸುವ ಒಂದೆರಡು ಪದಗಳನ್ನೂ ಆವರಣದೊಳಗೆ ಮುದ್ರಿಸುತ್ತಿತ್ತು. ಒಂದು ಕಡೆ ಪದವನ್ನು ಕುಗ್ಗಿಸಿ ಶ್ರಮವನ್ನು ಉಳಿಸಿದರು. ಇನ್ನೊಂದು ಕಡೆ ಪದವನ್ನು ಪೂರ್ಣವಾಗಿಯೇ ಇಟ್ಟು, ಬರೆಯುವ ಶ್ರಮವನ್ನು ಯಂತ್ರಕ್ಕೆ ವಹಿಸಿದರು.

ಮುಂದೆ ಈ ಎರಡು ದಾರಿಗಳೂ ಒಂದಾದವು. ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಕೆನ್ ಗ್ರೀರ್ ಅವರು ಟೆನೆಕ್ಸ್‌ನ ಪದಪೂರಣವನ್ನು ಯುನಿಕ್ಸಿನ 'ಸಿ ಶೆಲ್' ಎಂಬ ಶೆಲ್‌ಗೆ ಅಳವಡಿಸಿದರು. 1983ರಲ್ಲಿ ಅದರ ಮೂಲಪಾಠವನ್ನು ಎಲ್ಲರಿಗೂ ಹಂಚಿದರು. ಆ ಹೊಸ ಶೆಲ್‌ಗೆ 'ಟಿಸಿಎಸ್‌ಎಚ್' ಎಂದು ಹೆಸರಾಯಿತು. ಅದರ ಮೊದಲಲ್ಲಿರುವ 'ಟಿ' ಅಕ್ಷರ ಟೆನೆಕ್ಸ್‌ನ ನೆನಪು. 1989ರಲ್ಲಿ ಬ್ರಯನ್ ಫಾಕ್ಸ್ ಅವರು ಗ್ನೂ ಯೋಜನೆಗಾಗಿ 'ಬ್ಯಾಶ್' ಎಂಬ ಶೆಲ್ಲನ್ನು ಬರೆದರು. ಮರು ವರ್ಷ 'ಝಡ್ ಶೆಲ್' ಬಂದಿತು. ಈ ಶೆಲ್‌ಗಳಲ್ಲಿ ಎಸ್ಕೇಪ್ ಕೀಲಿಯ ಸ್ಥಾನವನ್ನು ಟ್ಯಾಬ್ ಕೀಲಿ ಪಡೆಯಿತು. ಬೆರಳಚ್ಚು ಯಂತ್ರಗಳಲ್ಲಿ ಅಂಕಣಗಳನ್ನು ಸಾಲಾಗಿ ಹೊಂದಿಸಲು ಇದ್ದ ಕೀಲಿಗೆ ಹೀಗೆ ಹೊಸದೊಂದು ಉದ್ಯೋಗ ದೊರೆಯಿತು.

ಇನ್ನು ಟ್ಯಾಬ್ ಒತ್ತಿದಾಗ ಶೆಲ್‌ನೊಳಗೆ ಏನು ನಡೆಯುತ್ತದೆಂಬುದನ್ನು ನೋಡೋಣ. ಅದನ್ನು ತಿಳಿಯಲು ನಿಘಂಟನ್ನು ನೆನೆದರೆ ಸಾಕು. ನಿಘಂಟಿನಲ್ಲಿ 'ಕ' ಎಂಬ ಅಕ್ಷರದಿಂದ ಮೊದಲಾಗುವ ಪದಗಳು ಅನೇಕ ಪುಟಗಳಲ್ಲಿ ಹಬ್ಬಿರುತ್ತವೆ. 'ಕಮ' ಎಂದ ಕೂಡಲೇ ಅವು ಕೆಲವೇ ಪದಗಳಿಗೆ ಇಳಿಯುತ್ತವೆ. 'ಕಮಲಾ' ಎಂದರೆ ಇನ್ನೂ ಕಡಿಮೆ. ಅಕ್ಷರಗಳು ಹೆಚ್ಚಿದಂತೆ ಸಾಧ್ಯತೆಗಳು ಕುಗ್ಗುತ್ತವೆ. ಕೊನೆಗೆ ಒಂದೇ ಪದ ಉಳಿಯುತ್ತದೆ. ಶೆಲ್ ಮಾಡುವುದೂ ಇದನ್ನೇ. ನಾವು ಬರೆದ ಅಕ್ಷರಗಳಿಂದ ಮೊದಲಾಗುವ ಹೆಸರುಗಳನ್ನು ಮಾತ್ರ ಆರಿಸಿಕೊಂಡು, ಉಳಿದವನ್ನು ಬದಿಗಿಡುತ್ತದೆ.

ಯಾವ ಪಟ್ಟಿಯಲ್ಲಿ ಹುಡುಕಬೇಕೆಂಬುದನ್ನು ಶೆಲ್ ಸ್ಥಾನದಿಂದ ನಿರ್ಧರಿಸುತ್ತದೆ. ಸಾಲಿನ ಮೊದಲ ಪದವು ಸಾಮಾನ್ಯವಾಗಿ ಆಜ್ಞೆಯ ಹೆಸರು. ಆದುದರಿಂದ ಅಲ್ಲಿ ಟ್ಯಾಬ್ ಒತ್ತಿದರೆ ಶೆಲ್ ತನ್ನಲ್ಲಿಯೇ ಇರುವ ಆಜ್ಞೆಗಳನ್ನೂ, ಪ್ರೋಗ್ರಾಂಗಳಿರುವ ಕೋಶಗಳನ್ನೂ ಹುಡುಕುತ್ತದೆ. ಮುಂದಿನ ಪದಗಳಲ್ಲಿ ಟ್ಯಾಬ್ ಒತ್ತಿದರೆ, ಬೇರೆ ಸೂಚನೆ ಇಲ್ಲದಿದ್ದಾಗ, ಕಡತಗಳ ಮತ್ತು ಕೋಶಗಳ ಹೆಸರುಗಳನ್ನು ಹುಡುಕುತ್ತದೆ. ಹುಡುಕಿದ ಮೇಲೆ ಮೂರು ಸ್ಥಿತಿಗಳು ಸಾಧ್ಯ. ಒಂದೂ ಹೆಸರು ದೊರೆಯದಿದ್ದರೆ ಶೆಲ್ ಏನನ್ನೂ ಬರೆಯುವುದಿಲ್ಲ. ಒಂದು ಸಣ್ಣ ಸದ್ದು ಮಾಡಿ ಸುಮ್ಮನಾಗಬಹುದು. ಒಂದೇ ಹೆಸರು ದೊರೆತರೆ ಅದನ್ನು ಪೂರ್ಣವಾಗಿ ಬರೆದು ಮುಂದೆ ತೆರಪನ್ನು ಬಿಡುತ್ತದೆ. ಹಲವು ಹೆಸರುಗಳು ದೊರೆತರೆ, ಅವೆಲ್ಲಕ್ಕೂ ಸಮಾನವಾದ ಭಾಗದವರೆಗೆ ಮಾತ್ರ ಬರೆದು ಅಲ್ಲಿ ನಿಲ್ಲುತ್ತದೆ.

ಈ ಮೂರನೆಯ ಸ್ಥಿತಿಯೇ ಬಹಳ ಸ್ವಾರಸ್ಯವಾದದ್ದು. ಅದಕ್ಕೆ 'ಗಿಟ್' ಎಂಬ ಉಪಕರಣದ ನಿದರ್ಶನವನ್ನು ತೆಗೆದುಕೊಳ್ಳೋಣ. ಬರೆದ ಪ್ರೋಗ್ರಾಂಗಳ ಹಳೆಯ ಮತ್ತು ಹೊಸ ರೂಪಗಳನ್ನು ಕ್ರಮವಾಗಿ ಕಾಪಾಡಲು ಲೈನಸ್ ಟೋರ್ವಾಲ್ಡ್ಸ್ ಅವರು 2005ರಲ್ಲಿ ಇದನ್ನು ರಚಿಸಿದರು. ಇಂಗ್ಲಿಷ್ ಲಿಪಿಯಲ್ಲಿ ಬರೆಯಬೇಕಾದ ಆಜ್ಞೆಗಳನ್ನು ಈ ಪಾಠದಲ್ಲಿ ಅವುಗಳ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯಲಾಗಿದೆ. 'ಗಿಟ್' ಎಂದು ಬರೆದು, ತೆರಪು ಬಿಟ್ಟು, 'ಸಿ' ಮತ್ತು 'ಓ' ಎಂಬ ಎರಡು ಅಕ್ಷರಗಳನ್ನು ಬರೆದು ಟ್ಯಾಬ್ ಒತ್ತಿದೆವೆಂದು ಇಟ್ಟುಕೊಳ್ಳಿ. ಆ ಎರಡು ಅಕ್ಷರಗಳಿಂದ 'ಕಮಿಟ್' ಎಂಬ ಉಪ ಆಜ್ಞೆಯೂ ಮೊದಲಾಗುತ್ತದೆ. 'ಕಾನ್ಫಿಗ್' ಎಂಬುದೂ ಮೊದಲಾಗುತ್ತದೆ. ಕಮಿಟ್ ಎಂದರೆ ಮಾಡಿದ ಬದಲಾವಣೆಗಳನ್ನು ದಾಖಲೆಗೆ ಸೇರಿಸುವುದು. ಕಾನ್ಫಿಗ್ ಎಂದರೆ ಉಪಕರಣದ ಏರ್ಪಾಡುಗಳನ್ನು ಬದಲಿಸುವುದು. ಎರಡೂ ಬೇರೆ ಬೇರೆ ಕೆಲಸಗಳು. ಶೆಲ್ ಇಲ್ಲಿ ಯಾವುದನ್ನೂ ತಾನಾಗಿ ಆರಿಸುವುದಿಲ್ಲ. ಟ್ಯಾಬನ್ನು ಮತ್ತೊಮ್ಮೆ ಒತ್ತಿದರೆ ಎರಡು ಹೆಸರುಗಳನ್ನೂ ತೋರಿಸಿ ಕಾಯುತ್ತದೆ. ನಾವು 'ಎಂ' ಅಕ್ಷರವನ್ನು ಸೇರಿಸಿ ಟ್ಯಾಬ್ ಒತ್ತಿದರೆ ಕಮಿಟ್ ಎಂದು ಪೂರ್ಣಗೊಳಿಸುತ್ತದೆ. 'ಎನ್' ಸೇರಿಸಿದರೆ ಕಾನ್ಫಿಗ್ ಎಂದು ಪೂರ್ಣಗೊಳಿಸುತ್ತದೆ. ದಾರಿ ಕವಲೊಡೆಯುವ ಕಡೆ ಅದು ನಿಲ್ಲುತ್ತದೆ. ಯಾವ ಕವಲು ನಮಗೆ ಬೇಕೆಂದು ನಾವು ಒಂದು ಅಕ್ಷರದಿಂದ ತಿಳಿಸುತ್ತೇವೆ.

ಇಲ್ಲಿಯೇ ಪದಪೂರಣಕ್ಕೂ ಊಹೆಗೂ ಇರುವ ಅಂತರ ತಿಳಿಯುತ್ತದೆ. ಮೊಬೈಲ್ ಫೋನಿನಲ್ಲಿ ಸಂದೇಶ ಬರೆಯುವಾಗ ಮುಂದಿನ ಪದ ಯಾವುದಾಗಿರಬಹುದೆಂದು ಯಂತ್ರವು ಊಹಿಸಿ ಮುಂದಿಡುತ್ತದೆ. ಆ ಊಹೆ ಸರಿಯಾಗಿರಬಹುದು, ತಪ್ಪಾಗಿರಬಹುದು. ನಾವು ಬರೆದ ಪದವನ್ನೇ ಅದು ಬದಲಾಯಿಸಿಬಿಡುವುದೂ ಉಂಟು. ಶೆಲ್‌ನ ಪದಪೂರಣ ಹೀಗೆ ಊಹಿಸುವುದಿಲ್ಲ. ತನ್ನ ಪಟ್ಟಿಯಲ್ಲಿ ಇರುವುದನ್ನು ಇದೆ ಎನ್ನುತ್ತದೆ; ಇಲ್ಲದಿದ್ದರೆ ಮೌನವಾಗಿರುತ್ತದೆ; ಎರಡಿದ್ದರೆ ಎರಡನ್ನೂ ತೋರಿಸುತ್ತದೆ. ನಿಶ್ಚಿತವಾದುದನ್ನು ಬರೆಯುವುದು ಯಂತ್ರದ ಕೆಲಸ. ಆರಿಸುವುದು ಮನುಷ್ಯನ ಕೆಲಸ. ಈ ಕೆಲಸದ ಹಂಚಿಕೆಯೇ ಪದಪೂರಣದ ತತ್ತ್ವ.

ಆದರೆ ಗಿಟ್‌ನ ಉಪ ಆಜ್ಞೆಗಳು ಶೆಲ್‌ಗೆ ಹೇಗೆ ತಿಳಿದವು? ಹುಟ್ಟಿನಿಂದ ಅದಕ್ಕೆ ಅವು ತಿಳಿದಿರುವುದಿಲ್ಲ. ಯಾರಾದರೂ ಕಲಿಸಬೇಕು. 2000ದಲ್ಲಿ ಬಂದ ಬ್ಯಾಶ್‌ನ 2.04ನೆಯ ಆವೃತ್ತಿಯಿಂದ ಹೀಗೆ ಕಲಿಸುವ ಸೌಕರ್ಯ ದೊರೆಯಿತು. ಒಂದು ಆಜ್ಞೆಗೆ ಸಂಬಂಧಿಸಿದ ಪೂರಣದ ನಿಯಮಗಳನ್ನು ಒಂದು ಕಡತದಲ್ಲಿ ಬರೆದಿಡುತ್ತಾರೆ. ಬಳಸುವವರು ಟ್ಯಾಬ್ ಒತ್ತಿದಾಗ ಶೆಲ್ ಆ ನಿಯಮಗಳಿಗೆ ಎರಡು ವಿಷಯಗಳನ್ನು ತಿಳಿಸುತ್ತದೆ: ಸಾಲಿನಲ್ಲಿ ಈವರೆಗೆ ಬರೆದ ಪದಗಳು ಯಾವುವು, ಈಗ ಬರೆಯುತ್ತಿರುವುದು ಎಷ್ಟನೆಯ ಪದ. ನಿಯಮಗಳು ತಕ್ಕ ಹೆಸರುಗಳ ಪಟ್ಟಿಯೊಂದನ್ನು ಸಿದ್ಧಮಾಡಿ ಶೆಲ್‌ಗೆ ಒಪ್ಪಿಸುತ್ತವೆ. ಗಿಟ್‌ಗಾಗಿ ಇಂತಹ ಕಡತವನ್ನು 2006ರಲ್ಲಿ ಶಾನ್ ಪಿಯರ್ಸ್ ಅವರು ಬರೆದರು. ಅದು ಉಪ ಆಜ್ಞೆಗಳ ಹೆಸರುಗಳನ್ನು ಮಾತ್ರವಲ್ಲದೆ, ಆಯಾ ದಾಖಲೆಯಲ್ಲಿರುವ ಶಾಖೆಗಳ ಹೆಸರುಗಳನ್ನೂ ಪೂರ್ಣಗೊಳಿಸುತ್ತದೆ. ನಿನ್ನೆ ಹೊಸದಾಗಿ ಮಾಡಿದ ಶಾಖೆಯೂ ಇಂದಿನ ಪಟ್ಟಿಯಲ್ಲಿ ಕಾಣುತ್ತದೆ. ಏಕೆಂದರೆ ಆ ಪಟ್ಟಿ ಟ್ಯಾಬ್ ಒತ್ತಿದ ಗಳಿಗೆಯಲ್ಲಿ ಸಿದ್ಧವಾಗುತ್ತದೆ.

ಲಿನಕ್ಸ್ ವ್ಯವಸ್ಥೆಯುಳ್ಳ ಕಂಪ್ಯೂಟರಿನಲ್ಲಿ ಈ ಏರ್ಪಾಡನ್ನು ಮಾಡಿಕೊಳ್ಳುವುದು ಕಷ್ಟವಲ್ಲ. ಮೊದಲು ನಮ್ಮ ಮುಂದಿರುವ ಶೆಲ್ ಯಾವುದೆಂದು ತಿಳಿಯಬೇಕು. 'ಎಕೋ' ಎಂದು ಬರೆದು, ತೆರಪು ಬಿಟ್ಟು, ಡಾಲರ್ ಚಿಹ್ನೆಯನ್ನೂ ಅದಕ್ಕೆ ಅಂಟಿಕೊಂಡಂತೆ ಸೊನ್ನೆಯನ್ನೂ ಬರೆದು ಎಂಟರ್ ಕೀಲಿಯನ್ನು ಒತ್ತಿದರೆ ಶೆಲ್ ತನ್ನ ಹೆಸರನ್ನು ಹೇಳುತ್ತದೆ. ಬ್ಯಾಶ್ ಎಂದು ಬಂದರೆ ಮುಂದಿನ ಕ್ರಮವು ಹೀಗಿದೆ. 'ಬ್ಯಾಶ್ ಕಂಪ್ಲೀಷನ್' ಎಂಬ ಹೆಸರಿನ ಒಂದು ಕಟ್ಟು ಉಂಟು. ಅದರಲ್ಲಿ ಅನೇಕ ಆಜ್ಞೆಗಳ ಪೂರಣ ನಿಯಮಗಳು ಸೇರಿವೆ. ಅದು ಮೊದಲೇ ಇಲ್ಲದಿದ್ದರೆ, ಡೆಬಿಯನ್, ಉಬುಂಟು ಮೊದಲಾದ ವ್ಯವಸ್ಥೆಗಳ ಭಂಡಾರದಿಂದ ಅದನ್ನು ತಂದು ಸ್ಥಾಪಿಸಬಹುದು. ಇದು ನಿಯಮಗಳನ್ನೆಲ್ಲ ಒಟ್ಟಿಗೆ ಓದುವುದಿಲ್ಲ. ಯಾವ ಆಜ್ಞೆಯ ಮುಂದೆ ಮೊದಲ ಸಲ ಟ್ಯಾಬ್ ಒತ್ತುತ್ತೇವೆಯೋ ಆ ಆಜ್ಞೆಯ ನಿಯಮಗಳನ್ನು ಮಾತ್ರ ಆಗ ಓದಿಕೊಳ್ಳುತ್ತದೆ. ಇದರಿಂದ ಶೆಲ್ ತೆರೆಯಲು ತಡವಾಗುವುದಿಲ್ಲ.

ಈ ಕಟ್ಟಿನಲ್ಲಿ ಸೇರದ ಉಪಕರಣಗಳೂ ಇರುತ್ತವೆ. ಅವುಗಳಲ್ಲಿ ಹಲವು ತಮ್ಮ ಪೂರಣ ನಿಯಮಗಳನ್ನು ತಾವೇ ಬರೆದುಕೊಡಬಲ್ಲವು. ಹಾಗೆ ದೊರೆತ ನಿಯಮಗಳನ್ನು ಒಂದು ಕಡತದಲ್ಲಿ ಉಳಿಸಿಕೊಳ್ಳಬೇಕು. ಬಳಿಕ ನಮ್ಮ ಮನೆಕೋಶದಲ್ಲಿರುವ 'ಬ್ಯಾಶ್‌ಆರ್‌ಸಿ' ಎಂಬ ಕಡತವನ್ನು ತೆರೆಯಬೇಕು. ಅದರ ಹೆಸರಿನ ಮೊದಲಲ್ಲಿ ಒಂದು ಚುಕ್ಕಿ ಇರುವುದರಿಂದ ಅದು ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ. ಶೆಲ್ ತೆರೆದಾಗ ಓದಿಕೊಳ್ಳುವ ದಿನಚರಿ ಇದು ಎನ್ನಬಹುದು. ಅದರ ಕೊನೆಯಲ್ಲಿ 'ಸೋರ್ಸ್' ಎಂದು ಬರೆದು, ತೆರಪು ಬಿಟ್ಟು, ನಿಯಮಗಳ ಕಡತವು ಎಲ್ಲಿದೆಯೆಂಬುದನ್ನು ಬರೆಯಬೇಕು. ಆಮೇಲೆ ಶೆಲ್ಲನ್ನು ಮುಚ್ಚಿ ಮತ್ತೆ ತೆರೆದರೆ ಹೊಸ ಪಾಠ ಅದಕ್ಕೆ ತಿಳಿದಿರುತ್ತದೆ. ಹೀಗೆ ಮಾಡುವ ಮೊದಲು ಬ್ಯಾಶ್‌ಆರ್‌ಸಿ ಕಡತದ ಒಂದು ನಕಲನ್ನು ಇಟ್ಟುಕೊಳ್ಳುವುದು ವಿವೇಕ. ಕೆಲವರು ಆ ಸಾಲನ್ನು ಬಾಣದ ಚಿಹ್ನೆಯ ಮೂಲಕ ಕಡತಕ್ಕೆ ಸೇರಿಸುತ್ತಾರೆ. ಅಲ್ಲಿ ಎರಡು ಬಾಣಗಳನ್ನು ಬರೆದರೆ ಹೊಸ ಸಾಲು ಕೊನೆಗೆ ಸೇರುತ್ತದೆ. ಮರೆತು ಒಂದೇ ಬಾಣವನ್ನು ಬರೆದರೆ ಕಡತದಲ್ಲಿ ಮೊದಲಿದ್ದುದೆಲ್ಲ ಅಳಿದು ಹೊಸ ಸಾಲು ಒಂದೇ ಉಳಿಯುತ್ತದೆ.

ಬೇರೆ ಶೆಲ್‌ಗಳಲ್ಲಿ ವಿಧಾನ ಸ್ವಲ್ಪ ಭಿನ್ನ. ಆಪಲ್ ಕಂಪ್ಯೂಟರುಗಳಲ್ಲಿ 2019ರಿಂದ ಝಡ್ ಶೆಲ್ ಮೊದಲ ಆಯ್ಕೆಯಾಗಿದೆ. ಅದರಲ್ಲಿ 'ಕಾಂಪ್‌ಇನಿಟ್' ಎಂಬ ಆಜ್ಞೆಯನ್ನು ಅದರ ಆರಂಭದ ಕಡತದಲ್ಲಿ ಬರೆದು ಪೂರಣವನ್ನು ಎಚ್ಚರಿಸಬೇಕು. 2005ರಲ್ಲಿ ಬಂದ 'ಫಿಶ್' ಎಂಬ ಶೆಲ್‌ನಲ್ಲಿ ಈ ಏರ್ಪಾಡು ಮೊದಲಿನಿಂದಲೇ ಸಿದ್ಧವಾಗಿರುತ್ತದೆ.

ಇತರರು ಬರೆದ ನಿಯಮಗಳನ್ನು ಬಳಸುವುದಷ್ಟೇ ಅಲ್ಲ, ನಮ್ಮ ನಿಯಮಗಳನ್ನು ನಾವೇ ಬರೆಯಬಹುದು. ಶಾಲೆಯ ಪುಸ್ತಕ ಭಂಡಾರಕ್ಕಾಗಿ ವಿದ್ಯಾರ್ಥಿಗಳು 'ಪುಸ್ತಕ' ಎಂಬ ಹೆಸರಿನ ಸಣ್ಣ ಉಪಕರಣವೊಂದನ್ನು ರಚಿಸಿದ್ದಾರೆಂದು ಭಾವಿಸಿ. ಅದಕ್ಕೆ ಕೊಡು, ಪಡೆ, ಹುಡುಕು, ಹಿಂತಿರುಗಿಸು ಎಂಬ ನಾಲ್ಕು ಉಪ ಆಜ್ಞೆಗಳಿವೆ. ಬ್ಯಾಶ್‌ಗೆ ಇದನ್ನು ಕಲಿಸಲು ಒಂದೇ ಸಾಲು ಸಾಕು:

ಕಂಪ್ಲೀಟ್ -ಡಬ್ಲ್ಯೂ "ಕೊಡು ಪಡೆ ಹುಡುಕು ಹಿಂತಿರುಗಿಸು" ಪುಸ್ತಕ

ಇದರಲ್ಲಿ ಮೊದಲ ಪದವು ಶೆಲ್‌ನ ಆಜ್ಞೆ. ಎರಡನೆಯದು, ಮುಂದೆ ಪದಗಳ ಪಟ್ಟಿ ಬರುತ್ತದೆಂಬ ಸೂಚನೆ. ಉದ್ಧರಣ ಚಿಹ್ನೆಗಳ ನಡುವೆ ಇರುವುದು ಆ ಪಟ್ಟಿ. ಕೊನೆಯದು ಉಪಕರಣದ ಹೆಸರು. ಮೊದಲ ಎರಡು ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿಯೇ ಬರೆಯಬೇಕು. ಉಳಿದವನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆಗಳನ್ನು ಗೊತ್ತುಪಡಿಸುವ 'ಯುನಿಕೋಡ್' ಎಂಬ ಸಂಕೇತ ಕ್ರಮದಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಸೇರಿದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಕಡತಗಳಿಗೂ ಪ್ರೋಗ್ರಾಂಗಳಿಗೂ ಕನ್ನಡದ ಹೆಸರನ್ನು ಇಡಬಹುದು. ಕೆಲವು ತೆರೆಗಳಲ್ಲಿ ಒತ್ತಕ್ಷರಗಳು ಅಂದವಾಗಿ ಮೂಡುವುದಿಲ್ಲವೆಂಬ ಕೊರತೆ ಇದೆ. ಆದರೂ ಕೆಲಸ ನಡೆಯುತ್ತದೆ.

ಈ ನಿದರ್ಶನದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. 'ಹ' ಎಂದು ಬರೆದು ಟ್ಯಾಬನ್ನು ಎರಡು ಸಲ ಒತ್ತಿದರೆ ಶೆಲ್ 'ಹುಡುಕು', 'ಹಿಂತಿರುಗಿಸು' ಎಂಬ ಎರಡನ್ನೂ ತೋರಿಸುತ್ತದೆ. ಕಣ್ಣಿಗೆ 'ಹು' ಮತ್ತು 'ಹಿ' ಬೇರೆ ಬೇರೆ ಅಕ್ಷರಗಳು. ಆದರೆ ಯುನಿಕೋಡ್ ಕ್ರಮದಲ್ಲಿ ಮೊದಲು 'ಹ' ಎಂಬುದರ ಸಂಖ್ಯೆ, ಅನಂತರ ಕೊಂಬಿನ ಅಥವಾ ಗುಡಿಸಿನ ಸಂಖ್ಯೆ ಬರುತ್ತದೆ. ಆದುದರಿಂದ ಎರಡು ಪದಗಳಿಗೂ ಮೊದಲ ಸಂಖ್ಯೆ ಒಂದೇ. ಕೆಳಗಿನ ತರಗತಿಗಳಲ್ಲಿ ಕಲಿತ ಕಾಗುಣಿತವೇ ಇಲ್ಲಿ ಕಂಪ್ಯೂಟರಿನೊಳಗೆ ಕಾಣಿಸಿಕೊಳ್ಳುತ್ತದೆ. ಕೊಂಬನ್ನು ಸೇರಿಸಿದರೆ 'ಹುಡುಕು' ಒಂದೇ ಉಳಿಯುತ್ತದೆ.

ಪದಪೂರಣದಿಂದ ಸಮಯ ಉಳಿಯುತ್ತದೆಂಬುದು ನಿಜ. ಆದರೆ ಅದಕ್ಕಿಂತ ದೊಡ್ಡ ಪ್ರಯೋಜನ ತಪ್ಪುಗಳ ನಿವಾರಣೆ. 'ಹಳೆಯ ಪಾಠ' ಎಂಬ ಹೆಸರಿನ ಕಡತವೊಂದನ್ನು ಅಳಿಸಬೇಕಾಗಿದೆ ಎಂದುಕೊಳ್ಳಿ. 'ಆರ್‌ಎಂ ಹಳೆಯ ಪಾಠ' ಎಂದು ಬರೆದರೆ ಶೆಲ್ ನಡುವಿನ ತೆರಪನ್ನು ನೋಡಿ, 'ಹಳೆಯ' ಎಂಬುದು ಒಂದು ಕಡತ, 'ಪಾಠ' ಎಂಬುದು ಇನ್ನೊಂದು ಕಡತ ಎಂದು ತಿಳಿಯುತ್ತದೆ. ಅಲ್ಲಿ 'ಪಾಠ' ಎಂಬ ಬೇರೊಂದು ಕಡತ ಇದ್ದರೆ, ಉಳಿಸಿಕೊಳ್ಳಬೇಕಾದ ಅದೇ ಅಳಿದುಹೋಗುತ್ತದೆ. ಆರ್‌ಎಂ ಆಜ್ಞೆಯಿಂದ ಅಳಿದ ಕಡತವು ಕಸದ ಬುಟ್ಟಿಗೆ ಹೋಗುವುದಿಲ್ಲ. ಅದನ್ನು ಮರಳಿ ತರುವ ಸುಲಭ ಮಾರ್ಗವಿಲ್ಲ. ಮೊದಲ ಅಕ್ಷರಗಳನ್ನು ಬರೆದು ಟ್ಯಾಬ್ ಒತ್ತಿದ್ದರೆ, ಶೆಲ್ ಆ ತೆರಪಿನ ಹಿಂದೆ ಒಂದು ಓರೆಗೆರೆಯನ್ನು ಸೇರಿಸಿ, ಎರಡು ಪದಗಳೂ ಕೂಡಿ ಒಂದೇ ಹೆಸರೆಂದು ತಾನೇ ಗುರುತುಮಾಡುತ್ತಿತ್ತು. ಹೆಸರು ಪೂರ್ಣಗೊಂಡಿತೆಂದರೆ ಅಂತಹ ಕಡತವು ಅಲ್ಲಿ ನಿಜವಾಗಿಯೂ ಇದೆ ಎಂದು ಅರ್ಥ. ಪೂರ್ಣಗೊಳ್ಳದಿದ್ದರೆ ನಾವು ತಪ್ಪು ಕೋಶದಲ್ಲಿದ್ದೇವೆ, ಅಥವಾ ಹೆಸರನ್ನು ತಪ್ಪಾಗಿ ನೆನೆದಿದ್ದೇವೆ. ಆಜ್ಞೆ ಕೊಡುವ ಮೊದಲೇ ಆ ಎಚ್ಚರಿಕೆ ದೊರೆಯುತ್ತದೆ.

ಆದರೆ ಈ ಎಚ್ಚರಿಕೆಗೂ ಒಂದು ಮಿತಿಯುಂಟು. ಹೆಸರು ಇದೆಯೇ ಎಂಬುದನ್ನು ಶೆಲ್ ನೋಡಬಲ್ಲದು. ಅದು ನಮಗೆ ಬೇಕಾದ ಹೆಸರೇ ಎಂಬುದನ್ನು ನೋಡಲಾರದು. ತಪ್ಪು ಕಡತದ ಹೆಸರನ್ನೂ ಅದು ಒಂದು ಅಕ್ಷರವೂ ತಪ್ಪದಂತೆ ಪೂರ್ಣಗೊಳಿಸುತ್ತದೆ. ಟ್ಯಾಬ್ ಒತ್ತಿದ ಮೇಲೆ ಎಂಟರ್ ಒತ್ತುವ ಮೊದಲು ಬರೆದುದನ್ನು ಒಮ್ಮೆ ಓದಲೇಬೇಕು. ಟ್ಯಾಬ್‌ನಿಂದ ಯಾವ ಕಡತವೂ ಅಳಿಯುವುದಿಲ್ಲ, ಬದಲಾಗುವುದಿಲ್ಲ. ಎಂಟರ್ ಒತ್ತಿದಾಗಲೇ ಆಜ್ಞೆ ನಡೆಯುವುದು. ಆ ಎರಡು ಕೀಲಿಗಳ ನಡುವಣ ಒಂದು ಕ್ಷಣವು ಬಳಸುವವರ ವಿವೇಕಕ್ಕೆ ಮೀಸಲಾದುದು.

ಇನ್ನೊಂದು ಎಚ್ಚರಿಕೆ ನಿಯಮಗಳ ಕಡತಕ್ಕೆ ಸಂಬಂಧಿಸಿದ್ದು. ಅದು ಬರಿಯ ಪಟ್ಟಿಯಲ್ಲ. ಅದೂ ಒಂದು ಪ್ರೋಗ್ರಾಂ. ಸೋರ್ಸ್ ಎಂದು ಬರೆದ ಮೇಲೆ ಅದರಲ್ಲಿರುವುದೆಲ್ಲ ನಮ್ಮ ಹೆಸರಿನಲ್ಲಿ, ನಮ್ಮ ಅಧಿಕಾರದಿಂದಲೇ ನಡೆಯುತ್ತದೆ. ಅಪರಿಚಿತರಿಗೆ ಮನೆಯ ಬೀಗದ ಕೈಯನ್ನು ಯಾರೂ ಕೊಡುವುದಿಲ್ಲ. ಹಾಗೆಯೇ ಎಲ್ಲಿಂದಲೋ ಬಂದ ನಿಯಮಗಳನ್ನು ಆರಂಭದ ಕಡತದಲ್ಲಿ ಸೇರಿಸಬಾರದು. ವ್ಯವಸ್ಥೆಯ ಭಂಡಾರದಿಂದ ಬಂದುದನ್ನು, ಅಥವಾ ಉಪಕರಣವನ್ನು ರಚಿಸಿದವರೇ ಕೊಟ್ಟುದನ್ನು ಬಳಸುವುದು ಕ್ಷೇಮ.

ಪದಪೂರಣವು ಚಿಕ್ಕ ಸೌಕರ್ಯ. ಅದನ್ನು ಕಂಡುಹಿಡಿದವರ ಹೆಸರುಗಳು ಜನಜನಿತವಾಗಿಲ್ಲ. ಆದರೂ ಕಂಪ್ಯೂಟರಿನ ಮುಂದೆ ಕುಳಿತು ಆಜ್ಞೆ ಬರೆಯುವವರು ದಿನಕ್ಕೆ ಎಷ್ಟೋ ಸಲ ಅದರ ಉಪಕಾರವನ್ನು ಪಡೆಯುತ್ತಾರೆ. ಕಾಗುಣಿತದ ಅಂಜಿಕೆಯಿಂದ ಹಿಂಜರಿಯುವ ವಿದ್ಯಾರ್ಥಿಗೆ ಅದು ಧೈರ್ಯವನ್ನು ಕೊಡುತ್ತದೆ. ನುರಿತವರಿಗೂ ಕೈತಪ್ಪಿನಿಂದ ರಕ್ಷಣೆ ಕೊಡುತ್ತದೆ. ಬಲ್ಲಷ್ಟನ್ನು ನಿಖರವಾಗಿ ಹೇಳಿ, ಆಯ್ಕೆಯ ಸ್ಥಳದಲ್ಲಿ ತಾನು ನಿಂತು, ಮನುಷ್ಯನ ತೀರ್ಮಾನಕ್ಕಾಗಿ ಕಾಯುವುದು ಅದರ ಗುಣ. ಮನುಷ್ಯನಿಗೆ ನೆರವಾಗುವ ಯಂತ್ರದಲ್ಲಿ ಇರಬೇಕಾದುದು ಈ ಗುಣವೇ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಶೆಲ್ ಎಂಬ ಹೆಸರು ಏಕೆ ಒಪ್ಪುತ್ತದೆ?
2. ಟೆನೆಕ್ಸ್ ವ್ಯವಸ್ಥೆಯಲ್ಲಿ ಪದಪೂರಣಕ್ಕೆ ಯಾವ ಕೀಲಿಯನ್ನು ಬಳಸುತ್ತಿದ್ದರು?
3. ಬ್ಯಾಶ್‌ಗೆ ಹೊಸ ಆಜ್ಞೆಗಳ ಪೂರಣವನ್ನು ಕಲಿಸುವ ಸೌಕರ್ಯ ಯಾವ ವರ್ಷದಲ್ಲಿ ದೊರೆಯಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಬರೆಯುವ ಶ್ರಮವನ್ನು ಕಡಿಮೆ ಮಾಡಲು ಯುನಿಕ್ಸ್ ಮತ್ತು ಟೆನೆಕ್ಸ್ ರಚಿಸಿದವರು ಹಿಡಿದ ದಾರಿಗಳು ಹೇಗೆ ಭಿನ್ನವಾಗಿದ್ದವು?
2. ಹಲವು ಹೆಸರುಗಳು ದೊರೆತಾಗ ಶೆಲ್ ಹೇಗೆ ವರ್ತಿಸುತ್ತದೆ? ನಿದರ್ಶನದೊಡನೆ ವಿವರಿಸಿರಿ.
3. 'ಹಳೆಯ ಪಾಠ' ಎಂಬ ಕಡತದ ನಿದರ್ಶನದಿಂದ ಏನು ತಿಳಿಯುತ್ತದೆ?

ಇ) ಚರ್ಚಿಸಿರಿ:
ನಿಶ್ಚಿತವಾದುದನ್ನು ಬರೆಯುವುದು ಯಂತ್ರದ ಕೆಲಸ. ಆರಿಸುವುದು ಮನುಷ್ಯನ ಕೆಲಸ.

ಈ) ಮಾಡಿ ನೋಡಿರಿ:
ನಿಮ್ಮ ತರಗತಿಯ ಉಪಯೋಗಕ್ಕೆ ಬರುವ ಉಪಕರಣವೊಂದನ್ನು ಕಲ್ಪಿಸಿಕೊಂಡು, ಅದಕ್ಕೆ ಐದು ಉಪ ಆಜ್ಞೆಗಳನ್ನು ಕನ್ನಡದಲ್ಲಿ ಹೆಸರಿಸಿರಿ. ಪ್ರತಿಯೊಂದನ್ನೂ ಗುರುತಿಸಲು ಕನಿಷ್ಠ ಎಷ್ಟು ಅಕ್ಷರಗಳು ಬೇಕೆಂದು ಲೆಕ್ಕಹಾಕಿರಿ.